ಬಾನುಲಿಯಲ್ಲಿ ಪರ್ಯಾಯ ಸಂಗೀತ: ಒಂದು ಹೆಸರಿನ ಚರಿತ್ರೆ

ಸಂಗೀತದ ಪ್ರಭೇದಗಳಿಗೆ ನಾವು ಕೊಡುವ ಹೆಸರುಗಳು ಸಾಮಾನ್ಯವಾಗಿ ಆ ಸಂಗೀತ ಎಂಥದು, ಎಲ್ಲಿಯದು, ಯಾರದು ಎಂಬುದನ್ನು ಸೂಚಿಸುತ್ತವೆ. ಕರ್ನಾಟಕ ಸಂಗೀತ, ಹಿಂದೂಸ್ತಾನಿ ಸಂಗೀತ, ರಂಗಗೀತೆ, ಲಾವಣಿ ಎಂದೊಡನೆ ಕೇಳುಗನ ಮನಸ್ಸಿನಲ್ಲಿ ಒಂದು ನಾದದ ಕಲ್ಪನೆ ಮೂಡುತ್ತದೆ. ಆದರೆ ಅಮೆರಿಕ ಮತ್ತು ಇಂಗ್ಲೆಂಡುಗಳಲ್ಲಿ ಕಳೆದ ನಾಲ್ಕು ದಶಕಗಳಿಂದ ಬಳಕೆಯಲ್ಲಿರುವ ‘ಆಲ್ಟರ್ನೇಟಿವ್’ ಎಂಬ ಹೆಸರು ಈ ಜಾತಿಗೆ ಸೇರಿದುದಲ್ಲ. ಕನ್ನಡದಲ್ಲಿ ಇದನ್ನು ‘ಪರ್ಯಾಯ ಸಂಗೀತ’ ಎನ್ನಬಹುದು. ಈ ಹೆಸರು ಆ ಸಂಗೀತ ಏನೆಂಬುದನ್ನು ಹೇಳದೆ, ಏನಲ್ಲವೆಂಬುದನ್ನು ಮಾತ್ರ ಹೇಳುತ್ತದೆ. ಒಮ್ಮೆ ತರಗತಿಯಲ್ಲಿ ಒಬ್ಬ ವಿದ್ಯಾರ್ಥಿ ಎದ್ದು ನಿಂತು, “ಲಕ್ಷಗಟ್ಟಲೆ ಪ್ರತಿಗಳು ಮಾರಾಟವಾದ ಹಾಡನ್ನು ಪರ್ಯಾಯವೆಂದು ಕರೆಯುವುದು ಹೇಗೆ ಸಾರ್?” ಎಂದು ಕೇಳಿದನು. ಆ ದಿನ ನಾನು ಕೊಟ್ಟ ಉತ್ತರ ನನಗೇ ತೃಪ್ತಿಯನ್ನುಂಟುಮಾಡಲಿಲ್ಲ. ಈ ಲೇಖನ ಆ ಉತ್ತರದ ತಿದ್ದುಪಡಿಯೆಂದು ವಾಚಕರು ಭಾವಿಸಬಹುದು.

ಸಂಗೀತಶಾಸ್ತ್ರಜ್ಞರು ಈ ಪ್ರಶ್ನೆಗೆ ನಾದದಲ್ಲಿಯೇ ಉತ್ತರವನ್ನು ಹುಡುಕುತ್ತಾರೆ. ಒರಟಾದ ಗಿಟಾರ್ ಧ್ವನಿ, ಅಂದಗಾಣಿಸದ ಕಂಠ, ಸರಳವಾದ ಮುದ್ರಣ ಇವೇ ಮೊದಲಾದ ಲಕ್ಷಣಗಳನ್ನು ಪಟ್ಟಿಮಾಡುತ್ತಾರೆ. ಆದರೆ ಈ ಲಕ್ಷಣಗಳಲ್ಲಿ ಒಂದೂ ಇಲ್ಲದ ಸಂಗೀತವೂ ಈ ಹೆಸರಿನಿಂದ ಕರೆಯಿಸಿಕೊಂಡಿದೆ. ಎಲ್ಲವೂ ಇರುವ ಸಂಗೀತ ಈ ಹೆಸರಿನಿಂದ ಹೊರಗೂ ಉಳಿದಿದೆ. ಚರಿತ್ರೆಯ ದೃಷ್ಟಿಯಿಂದ ನೋಡಿದರೆ ಬೇರೊಂದು ಸಂಗತಿ ಕಾಣಬರುತ್ತದೆ. ಪರ್ಯಾಯವೆಂಬುದು ಮೊದಲಿಗೆ ಒಂದು ನಾದದ ಹೆಸರಾಗಿರಲಿಲ್ಲ, ಬಾನುಲಿಯಲ್ಲಿ ಒಂದು ಸ್ಥಳದ ಹೆಸರಾಗಿತ್ತು. ಹಾಡನ್ನು ಮಾರುವವನಾಗಲಿ ಸರ್ಕಾರವಾಗಲಿ ಆರಿಸದೆ, ಮೂರನೆಯವನೊಬ್ಬನು ತನ್ನ ವಿವೇಚನೆಯಿಂದ ಆರಿಸಬಹುದಾಗಿದ್ದ ಸ್ಥಳವದು. ಅಂಥ ಸ್ಥಳಗಳು ಕಾನೂನಿನ ಸಂದುಗಳಲ್ಲಿ, ಬಹುಮಟ್ಟಿಗೆ ಯಾರೂ ಉದ್ದೇಶಿಸದೆಯೇ, ಹುಟ್ಟಿಕೊಂಡುವು. ಹೇಗೆ ಹುಟ್ಟಿದುವು, ಆ ಹೆಸರು ಸ್ಥಳದಿಂದ ಕಳಚಿ ನಾದಕ್ಕೆ ಅಂಟಿಕೊಂಡುದು ಯಾವಾಗ, ಈಗ ಆ ಸ್ಥಳಗಳ ಗತಿಯೇನು ಎಂಬುದನ್ನು ಇಲ್ಲಿ ವಿವೇಚಿಸಲಾಗುವುದು.

ಮೊದಲು ಇದಿರುಪಕ್ಷದ ವಿಚಾರ. ಅಮೆರಿಕದಲ್ಲಿ ಬಾನುಲಿ ಆರಂಭದಿಂದಲೂ ಬಹುಮಟ್ಟಿಗೆ ಖಾಸಗಿ ವ್ಯಾಪಾರವಾಗಿ ಬೆಳೆಯಿತು. ೧೯೫೦ರ ಸುಮಾರಿನಲ್ಲಿ ದೂರದರ್ಶನ ಮನೆಮನೆಗೂ ಬಂದು ನಾಟಕ, ಹಾಸ್ಯ, ಧಾರಾವಾಹಿಗಳನ್ನು ಕಸಿದುಕೊಂಡ ಮೇಲೆ ಬಾನುಲಿಗೆ ಉಳಿದುದು ಗ್ರಾಮಫೋನ್ ತಟ್ಟೆಗಳು ಮಾತ್ರ. ಒಮಾಹ ನಗರದ ಒಂದು ನಿಲಯದ ಒಡೆಯನಾದ ಟಾಡ್ ಸ್ಟಾರ್ಜ್ ಎಂಬಾತನು ಆ ದಿನಗಳಲ್ಲಿ ಒಂದು ಉಪಾಯವನ್ನು ಕಂಡುಕೊಂಡನು. ಪಾನಗೃಹದಲ್ಲಿ ಕಾಸು ಹಾಕಿ ಹಾಡು ಕೇಳುವ ಯಂತ್ರದ ಮುಂದೆ ಕುಳಿತಿದ್ದಾಗ, ಗಿರಾಕಿಗಳು ದಿನವೆಲ್ಲ ಒಂದೇ ಹಾಡನ್ನು ಮತ್ತೆ ಮತ್ತೆ ಹಾಕಿಸಿದುದನ್ನೂ, ಕೊನೆಗೆ ಅದನ್ನೇ ಕೇಳಿ ದಣಿದಿರಬೇಕಾಗಿದ್ದ ಪರಿಚಾರಿಕೆಯೇ ತನ್ನ ಕಾಸನ್ನು ಹಾಕಿ ಅದೇ ಹಾಡನ್ನು ಕೇಳಿದುದನ್ನೂ ಅವನು ಗಮನಿಸಿದನೆಂದು ಹೇಳಿಕೆಯಿದೆ. ಕಥೆ ಹಲವು ರೂಪಗಳಲ್ಲಿ ದೊರೆಯುವುದರಿಂದ ಅದನ್ನು ಅಕ್ಷರಶಃ ನಂಬಬೇಕಾಗಿಲ್ಲ. ಆದರೆ ಅದರಿಂದ ಹೊರಟ ಪದ್ಧತಿ ಮಾತ್ರ ನಿಜವಾದುದು: ಹೆಚ್ಚು ಮಾರಾಟವಾಗುತ್ತಿರುವ ಕೆಲವೇ ಹಾಡುಗಳನ್ನು ಹಗಲೂ ರಾತ್ರಿ ತಿರುಗಿಸುವುದು. ಇದಕ್ಕೆ ‘ಟಾಪ್ ಫಾರ್ಟಿ’ ಎಂದು ಹೆಸರಾಯಿತು.

ಈ ಪದ್ಧತಿಯಲ್ಲಿಯೂ ಉದ್ಘೋಷಕನಿಗೆ ಸ್ವಲ್ಪ ಸ್ವಾತಂತ್ರ್ಯವಿತ್ತು. ಅದನ್ನು ಕೊನೆಗಾಣಿಸಿದುದು, ವಿಚಿತ್ರವೆಂದರೆ, ಲಂಚದ ನಿರ್ಮೂಲನ. ೧೯೫೯ ಮತ್ತು ೧೯೬೦ರಲ್ಲಿ ಅಮೆರಿಕದ ಕಾಂಗ್ರೆಸ್ಸು ನಡೆಸಿದ ವಿಚಾರಣೆಯಲ್ಲಿ, ಮುದ್ರಣ ಸಂಸ್ಥೆಗಳು ಉದ್ಘೋಷಕರಿಗೆ ಹಣ ಕೊಟ್ಟು ಹಾಡುಗಳನ್ನು ಹಾಕಿಸುತ್ತಿದ್ದುದು ಬಯಲಾಯಿತು. ‘ಪೇಯೋಲ’ ಎಂದು ಪ್ರಸಿದ್ಧವಾದ ಈ ಹಗರಣದ ತರುವಾಯ, ಕೇಳುಗರಿಗೆ ತಿಳಿಸದೆ ಹಣ ಪಡೆದು ಹಾಡು ಬಿತ್ತರಿಸುವುದು ಅಪರಾಧವಾಯಿತು. ನಿಲಯದ ಒಡೆಯರು ಆಯ್ಕೆಯನ್ನು ಉದ್ಘೋಷಕನ ಕೈಯಿಂದ ತೆಗೆದು ಕಾರ್ಯಕ್ರಮ ನಿರ್ದೇಶಕನ ಕೈಗೆ ಒಪ್ಪಿಸಿದರು. ನೂರು ಜನರಿಗೆ ಲಂಚ ಕೊಡಬೇಕಾಗಿದ್ದ ಕಡೆ ಒಬ್ಬನ ಮನವೊಲಿಸಿದರೆ ಸಾಕಾಯಿತೆಂದು ಹೇಳಿದರೆ ಅತ್ಯುಕ್ತಿಯಾಗಲಾರದು.

ಇಷ್ಟರಲ್ಲಿ ಬೇರೊಂದು ಕಡೆ ಒಂದು ಖಾಲಿ ಜಾಗ ಬೆಳೆಯುತ್ತಿತ್ತು. ಎಡ್ವಿನ್ ಆರ್ಮ್‌ಸ್ಟ್ರಾಂಗ್ ಎಂಬ ವಿಜ್ಞಾನಿ ೧೯೩೦ರ ದಶಕದಲ್ಲಿ ರೂಪಿಸಿದ ಎಫ್.ಎಂ. ಪದ್ಧತಿ ಗೊರಗೊರ ಸದ್ದಿಲ್ಲದ ಶುದ್ಧ ಧ್ವನಿಯನ್ನು ಕೊಡುವಂಥದು. ೧೯೪೫ರಲ್ಲಿ ಅಮೆರಿಕದ ಫೆಡರಲ್ ಕಮ್ಯೂನಿಕೇಷನ್ಸ್ ಕಮಿಷನ್ ಎಫ್.ಎಂ.ಗೆ ಹೊಸ ತರಂಗಪಟ್ಟಿಯನ್ನು ಗೊತ್ತುಮಾಡಿದಾಗ, ೮೮ರಿಂದ ೯೨ ಮೆಗಾಹರ್ಟ್ಸ್ ವರೆಗಿನ ೨೦ ಸ್ಥಾನಗಳನ್ನು ವ್ಯಾಪಾರೇತರ ಶಿಕ್ಷಣ ನಿಲಯಗಳಿಗೆ ಕಾಯ್ದಿರಿಸಿತು. ೧೯೪೮ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದುವರಿದು, ಬರಿಯ ೧೦ ವ್ಯಾಟ್ ಶಕ್ತಿಯ ಪ್ರಸಾರಯಂತ್ರವನ್ನಿಟ್ಟುಕೊಂಡು ಶಾಲೆ ಕಾಲೇಜುಗಳು ಪ್ರಸಾರ ಮಾಡಬಹುದೆಂದು ಅನುಮತಿ ಕೊಟ್ಟಿತು. ಅಧಿಕಾರಿಗಳ ಮನಸ್ಸಿನಲ್ಲಿ ಇದ್ದುದು ಪಾಠ ಪ್ರವಚನಗಳು. ಅಲ್ಲಿ ಮುಂದೆ ಕೇಳಿಬಂದುದು ಏನೆಂಬುದನ್ನು ಅವರಲ್ಲಿ ಯಾರೂ ಊಹಿಸಿರಲಾರರು.

ವ್ಯಾಪಾರೀ ಎಫ್.ಎಂ. ನಿಲಯಗಳಾದರೋ ಬಹುಕಾಲ ತಮ್ಮ ಒಡೆಯರ ಹಳೆಯ ಎ.ಎಂ. ನಿಲಯಗಳ ಕಾರ್ಯಕ್ರಮವನ್ನೇ ನಕಲುಮಾಡಿ ಬಿತ್ತರಿಸುತ್ತಿದ್ದುವು. ದೊಡ್ಡ ನಗರಗಳಲ್ಲಿ ಇಂಥ ನಕಲು ಅರ್ಧಕ್ಕಿಂತ ಹೆಚ್ಚಿರಕೂಡದೆಂದು ಕಮಿಷನ್ನು ೧೯೬೪ರಲ್ಲಿ ನಿಯಮಮಾಡಿ ೧೯೬೭ರ ವೇಳೆಗೆ ಜಾರಿಗೆ ತಂದಿತು. ಒಡೆಯರಿಗೆ ಈಗ ದಿನಕ್ಕೆ ಹತ್ತು ಹನ್ನೆರಡು ಗಂಟೆ ತುಂಬಬೇಕಾಗಿ ಬಂದಿತು. ಅದಕ್ಕೆ ಹಣ ಹಾಕುವ ಮನಸ್ಸು ಅವರಿಗಿರಲಿಲ್ಲ. ಆ ವರ್ಷದ ಏಪ್ರಿಲಿನಲ್ಲಿ ಸಾನ್‌ಫ್ರಾನ್ಸಿಸ್ಕೋ ನಗರದ ಕೆ.ಎಂ.ಪಿ.ಎಕ್ಸ್. ಎಂಬ ನಷ್ಟದ ನಿಲಯದಲ್ಲಿ ಟಾಮ್ ಡೊನಾಹ್ಯೂ ಎಂಬ ಹಿರಿಯ ಉದ್ಘೋಷಕನು ತನಗೆ ಬೇಕಾದ ಹಾಡನ್ನು ಬೇಕಾದಷ್ಟು ಹೊತ್ತು ಹಾಕುವ ಕ್ರಮವನ್ನು ಆರಂಭಿಸಿದನು. ಹತ್ತು ನಿಮಿಷದ ರಾಕ್ ಸಂಗೀತ, ಅದರ ಬೆನ್ನಿಗೆ ರವಿಶಂಕರರ ಸಿತಾರ್, ಆಮೇಲೆ ಬ್ಲೂಸ್ ಎಂಬಂಥ ಜೋಡಣೆ ಆ ಕಾಲದ ಇಂಥ ನಿಲಯಗಳಲ್ಲಿ ಸಾಮಾನ್ಯವಾಯಿತು. ಆದರೆ ಲಾಭ ಬಂದೊಡನೆ ಈ ಸ್ವಾತಂತ್ರ್ಯಕ್ಕೆ ಲಗಾಮು ಬಿದ್ದಿತು. ೧೯೭೦ರ ದಶಕದ ಉತ್ತರಾರ್ಧದೊಳಗೆ ಸಲಹೆಗಾರರು ಈ ಸಂಗೀತವನ್ನೂ ಸಮೀಕ್ಷೆಗೆ ಒಳಪಡಿಸಿ ಪಟ್ಟಿಯಾಗಿ ಪರಿವರ್ತಿಸಿದ್ದರು. ಮೊದಲು ಖಾಲಿ ಜಾಗ, ಆಮೇಲೆ ಒಬ್ಬನ ಅಭಿರುಚಿ, ಆಮೇಲೆ ಜನ, ಆಮೇಲೆ ಪಟ್ಟಿ: ಈ ಕ್ರಮವನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇನೆ. ಮುಂದೆ ಇದೇ ಇನ್ನೊಮ್ಮೆ ನಡೆಯುತ್ತದೆ.

ಇಂಗ್ಲೆಂಡಿನಲ್ಲಿ ಪರಿಸ್ಥಿತಿ ತೀರ ಭಿನ್ನವಾಗಿತ್ತು. ಅಲ್ಲಿ ಬಿ.ಬಿ.ಸಿ.ಯದು ಏಕಸ್ವಾಮ್ಯ. ಅಲ್ಲದೆ ಮುದ್ರಣ ಸಂಸ್ಥೆಗಳೊಡನೆಯೂ ವಾದ್ಯಗಾರರ ಸಂಘದೊಡನೆಯೂ ಮಾಡಿಕೊಂಡ ಒಪ್ಪಂದದ ಮೇರೆಗೆ ಬಿ.ಬಿ.ಸಿ. ದಿನಕ್ಕೆ ಕೆಲವೇ ಗಂಟೆಗಳ ಕಾಲ ಗ್ರಾಮಫೋನ್ ತಟ್ಟೆಗಳನ್ನು ಬಿತ್ತರಿಸಬಹುದಾಗಿತ್ತು. ಇದಕ್ಕೆ ‘ಸೂಜಿಯ ಹೊತ್ತು’ ಎಂದು ಹೆಸರು. ಉಳಿದ ಹೊತ್ತಿನಲ್ಲಿ ಜೀವಂತ ವಾದ್ಯಗಾರರಿಗೆ ಕೆಲಸ ಕೊಡಬೇಕು. ಹೊಸ ಹಾಡುಗಳಿಗಾಗಿ ಹಾತೊರೆಯುತ್ತಿದ್ದ ತರುಣರು ರಾತ್ರಿಯ ಹೊತ್ತು ಲಕ್ಸೆಂಬರ್ಗ್ ನಿಲಯದ ಕಡೆಗೆ ಮುಳ್ಳು ತಿರುಗಿಸುತ್ತಿದ್ದರು. ೧೯೬೪ರ ಈಸ್ಟರ್ ಹಬ್ಬದ ದಿನಗಳಲ್ಲಿ ರೇಡಿಯೋ ಕ್ಯಾರೊಲೈನ್ ಎಂಬ ಹಡಗು ಇಂಗ್ಲೆಂಡಿನ ಕಡಲ ಗಡಿಯ ಹೊರಗೆ ಲಂಗರು ಹಾಕಿ ಹಾಡುಗಳನ್ನು ಬಿತ್ತರಿಸತೊಡಗಿತು. ಬೇರೆ ಹಡಗುಗಳೂ ಬಂದುವು. ಸರ್ಕಾರ ೧೯೬೭ರ ಆಗಸ್ಟಿನಲ್ಲಿ ಕಾನೂನಿನಿಂದ ಇವುಗಳ ಕತ್ತು ಹಿಸುಕಿತು. ಸೆಪ್ಟೆಂಬರ್ ೩೦ರಂದು ಬಿ.ಬಿ.ಸಿ.ಯೇ ‘ರೇಡಿಯೋ ಒನ್’ ಎಂಬ ಹೊಸ ಸೇವೆಯನ್ನು ತೆರೆದು ಆ ಕಡಲ್ಗಳ್ಳ ನಿಲಯಗಳ ಉದ್ಘೋಷಕರಲ್ಲಿ ಅನೇಕರನ್ನು ತನ್ನ ಕೆಲಸಕ್ಕೆ ಸೇರಿಸಿಕೊಂಡಿತು.

ನಮ್ಮ ವಾಚಕರಿಗೆ ಈ ಪ್ರಸಂಗ ಅಪರಿಚಿತವಾಗಿ ತೋರಲಾರದು. ೧೯೫೨ರಲ್ಲಿ ಕೇಂದ್ರದ ಪ್ರಸಾರಮಂತ್ರಿಗಳಾದ ಬಿ. ವಿ. ಕೇಸ್ಕರ್ ಅವರು ಆಕಾಶವಾಣಿಯಲ್ಲಿ ಚಲಚ್ಚಿತ್ರ ಗೀತೆಗಳಿಗೆ ಕಡಿವಾಣ ಹಾಕಿ ಶಾಸ್ತ್ರೀಯ ಸಂಗೀತಕ್ಕೂ ಸುಗಮ ಸಂಗೀತಕ್ಕೂ ಎಡೆಮಾಡಿಕೊಟ್ಟಾಗ, ಕೇಳುಗರು ಗುಂಪುಗುಂಪಾಗಿ ರೇಡಿಯೋ ಸಿಲೋನಿಗೆ ವಲಸೆ ಹೋದರು. ೧೯೫೭ರ ಅಕ್ಟೋಬರ್ ೩ರಂದು ವಿವಿಧ ಭಾರತಿ ಆರಂಭವಾಯಿತು. ಹೊರಗಿನ ಅಲೆಗಳು ಒಳಗಿನ ಬಾಗಿಲನ್ನು ತೆರೆಸಿದುದು ಎರಡು ಕಡೆಯೂ ಒಂದೇ ರೀತಿ, ಹತ್ತು ವರ್ಷಗಳ ಅಂತರದಲ್ಲಿ. ಒಂದು ವ್ಯತ್ಯಾಸವನ್ನು ಮಾತ್ರ ಗಮನಿಸಬೇಕು. ನಮ್ಮಲ್ಲಿ ಜನಪ್ರಿಯ ಗೀತೆಗೆ ಪರ್ಯಾಯವನ್ನು ಸರ್ಕಾರವೇ ಮೇಲಿನಿಂದ ನಿರ್ಮಿಸಿತು. ಕನ್ನಡದ ಭಾವಗೀತೆಗಳು ಹಾಡುಗಳಾಗಿ ಮನೆಮನೆಗೆ ಬಂದುದರಲ್ಲಿ ಆಕಾಶವಾಣಿಯ ಸುಗಮ ಸಂಗೀತ ವಿಭಾಗಗಳ ಪಾಲು ದೊಡ್ಡದಾದುದರಿಂದ, ಆ ನೀತಿಯನ್ನು ಸಾರಾಸಗಟಾಗಿ ಹಳಿಯುವವರ ಜೊತೆಗೆ ನಾನು ಸೇರಲಾರೆ. ಆದರೆ ಪಾಶ್ಚಾತ್ಯರ ಪರ್ಯಾಯ ಸಂಗೀತ ಬಂದುದು ಈ ದಾರಿಯಿಂದಲ್ಲ.

ಅದು ಬಂದ ದಾರಿಯನ್ನು ತಿಳಿಯಲು ಜಾನ್ ಪೀಲ್ ಎಂಬ ಒಬ್ಬ ವ್ಯಕ್ತಿಯ ಉದ್ಯೋಗವನ್ನು ಸ್ವಲ್ಪ ವಿವರವಾಗಿ ನೋಡಬೇಕು. ಪೀಲ್ ಕಡಲ್ಗಳ್ಳ ನಿಲಯವೊಂದರಲ್ಲಿ ನಡುರಾತ್ರಿಯ ಕಾರ್ಯಕ್ರಮ ನಡೆಸುತ್ತಿದ್ದು, ರೇಡಿಯೋ ಒನ್ ಆರಂಭವಾದಾಗ ಅಲ್ಲಿಗೆ ಬಂದವನು. ೨೦೦೪ರ ಅಕ್ಟೋಬರಿನಲ್ಲಿ ಪೆರು ದೇಶದಲ್ಲಿ ಹಠಾತ್ತನೆ ತೀರಿಕೊಳ್ಳುವವರೆಗೂ ಅಲ್ಲಿಯೇ ಇದ್ದನು. ಅವನಿಗೆ ದೊರೆತುದು ಹೆಚ್ಚಾಗಿ ರಾತ್ರಿಯ ಹೊತ್ತು, ಎಂದರೆ ಕೇಳುಗರು ಕಡಮೆಯಾದ, ಆದುದರಿಂದ ಮೇಲಧಿಕಾರಿಗಳ ಕಣ್ಣು ಅಷ್ಟಾಗಿ ಬೀಳದ ಹೊತ್ತು. ಅದರ ಜೊತೆಗೆ ‘ಸೂಜಿಯ ಹೊತ್ತಿ’ನ ಕಟ್ಟುಪಾಡು ಅವನಿಗೂ ಇತ್ತು. ತಟ್ಟೆಗಳನ್ನು ಮಿತಿಯಿಲ್ಲದೆ ಹಾಕುವಂತಿಲ್ಲವಾದುದರಿಂದ ತಂಡಗಳನ್ನು ಲಂಡನ್ನಿನ ಮೈಡಾ ವೇಲ್ ಧ್ವನಿಮುದ್ರಣಾಲಯಕ್ಕೆ ಕರೆಯಿಸಿ, ಒಂದೇ ದಿನದಲ್ಲಿ ಸಾಮಾನ್ಯವಾಗಿ ನಾಲ್ಕು ಹಾಡುಗಳನ್ನು ಮುದ್ರಿಸಿಕೊಂಡು ಪ್ರಸಾರಮಾಡುವ ಪದ್ಧತಿ ಬೆಳೆಯಿತು. ವಾದ್ಯಗಾರರ ಹೊಟ್ಟೆಪಾಡಿಗಾಗಿ ಹುಟ್ಟಿದ ನಿಯಮ, ಇನ್ನೂ ಒಂದು ತಟ್ಟೆಯನ್ನೂ ಹೊರತರದಿದ್ದ, ಹೆಸರೇ ಇಲ್ಲದಿದ್ದ ಹುಡುಗರಿಗೆ ರಾಷ್ಟ್ರದ ನಿಲಯದಲ್ಲಿ ಹಾಡುವ ಅವಕಾಶವಾಗಿ ಪರಿಣಮಿಸಿತು. ಪೀಲನ ಕಾಲದಲ್ಲಿ ಹೀಗೆ ಮುದ್ರಿತವಾದ ಕೂಟಗಳು ೪,೦೦೦ವನ್ನು ಮೀರುತ್ತವೆ. ದ ಸ್ಮಿತ್ಸ್ ತಂಡ ೧೯೮೪ರಲ್ಲಿ ಪ್ರಕಟಿಸಿದ ‘ಹ್ಯಾಟ್‌ಫುಲ್ ಆಫ್ ಹಾಲೋ’ ಎಂಬ ಸಂಪುಟದಲ್ಲಿ ಬಿ.ಬಿ.ಸಿ.ಗಾಗಿ ಮುದ್ರಿಸಿದ ಇಂಥ ಹಾಡುಗಳೇ ಬಹಳವಾಗಿವೆ. ಅಂಗಡಿಗಾಗಿ ಮುದ್ರಿಸಿದುವುಗಳಿಗಿಂತ ಇವೇ ಮೇಲೆಂದು ಅನೇಕರ ಅಭಿಪ್ರಾಯ.

೧೯೭೭ರ ಜನವರಿಯಲ್ಲಿ ಮ್ಯಾಂಚೆಸ್ಟರಿನ ಬಜ್‌ಕಾಕ್ಸ್ ಎಂಬ ತಂಡ ಸಾಲಮಾಡಿ ತಾನೇ ೧,೦೦೦ ತಟ್ಟೆಗಳನ್ನು ಅಚ್ಚುಹಾಕಿಸಿ ಮಾರಿತು. ದೊಡ್ಡ ಸಂಸ್ಥೆಯ ಹಂಗಿಲ್ಲದೆ ತಟ್ಟೆಯನ್ನು ಹೊರತರಬಹುದೆಂಬುದು ಆಗ ಎಲ್ಲರಿಗೂ ಮನದಟ್ಟಾಯಿತು. ಆದರೆ ತಟ್ಟೆ ಹೊರಬಂದರೆ ಸಾಲದು. ಅದು ಇದೆಯೆಂಬುದು ಜನಕ್ಕೆ ತಿಳಿಯಬೇಕು. ೧೯೭೮ರ ಸೆಪ್ಟೆಂಬರಿನಲ್ಲಿ ಉತ್ತರ ಐರ್ಲೆಂಡಿನ ಅಂಡರ್‌ಟೋನ್ಸ್ ಎಂಬ ತಂಡದ ‘ಟೀನೇಜ್ ಕಿಕ್ಸ್’ ಪೀಲನ ಕೈಗೆ ಬಂದಿತು. ಅವನು ಅದನ್ನು ಹಾಕಿದನು. ಮುಗಿದೊಡನೆ ಮತ್ತೊಮ್ಮೆ ಹಾಕಿದನು. ಟಾಪ್ ಫಾರ್ಟಿಯೂ ಒಂದೇ ಹಾಡನ್ನು ಮತ್ತೆ ಮತ್ತೆ ಹಾಕುತ್ತದೆ, ಪೀಲನೂ ಹಾಕಿದನು. ಮೇಲುನೋಟಕ್ಕೆ ಕೃತ್ಯ ಒಂದೇ. ಆದರೆ ಅಲ್ಲಿ ಮಾರಾಟವಾದುದರಿಂದ ಪ್ರಸಾರ, ಇಲ್ಲಿ ಇಷ್ಟವಾದುದರಿಂದ ಪ್ರಸಾರ. ಮುದ್ರಣ ಸಂಸ್ಥೆಗಳು ಆ ತಂಡವನ್ನು ಹುಡುಕಿಕೊಂಡು ಬಂದುದು ಆಮೇಲೆ.

ಅಮೆರಿಕದಲ್ಲಿ ಇಂಥ ಒಬ್ಬ ವ್ಯಕ್ತಿಯಿರಲಿಲ್ಲ; ಅದರ ಬದಲು ನೂರಾರು ಕಾಲೇಜು ನಿಲಯಗಳಿದ್ದುವು. ವಿಶ್ವವಿದ್ಯಾನಿಲಯಕ್ಕೂ ಬಾನುಲಿಗೂ ಇರುವ ನಂಟು ನಮಗೆ ಹೊಸದಲ್ಲ. ೧೯೩೫ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಪುಟ್ಟ ಪ್ರಸಾರಯಂತ್ರವೊಂದನ್ನಿಟ್ಟು ನಿಲಯವನ್ನು ತೆರೆದುದರಿಂದಲೇ ಅಲ್ಲವೇ ‘ಆಕಾಶವಾಣಿ’ ಎಂಬ ಹೆಸರು ಬಳಕೆಗೆ ಬಂದುದು? ಆದರೆ ಅಮೆರಿಕದ ಕಾಲೇಜು ನಿಲಯಗಳು ಬಹುತೇಕ ಪ್ರಾಧ್ಯಾಪಕರವಲ್ಲ, ವಿದ್ಯಾರ್ಥಿಗಳವು. ನೆಲಮಾಳಿಗೆಯ ಒಂದು ಕೋಣೆ, ೧೦ ವ್ಯಾಟಿನ ಯಂತ್ರ, ಗೋಡೆಗೊರಗಿಸಿಟ್ಟ ತಟ್ಟೆಗಳು, ಸಂಬಳವಿಲ್ಲದ ಉದ್ಘೋಷಕರು. ಅವುಗಳ ಧ್ವನಿ ಊರಿನ ಗಡಿಯನ್ನೂ ದಾಟುತ್ತಿರಲಿಲ್ಲ. ವಿದ್ಯಾರ್ಥಿ ನಾಲ್ಕು ವರ್ಷದಲ್ಲಿ ಹೊರಟುಹೋಗುವವನಾದುದರಿಂದ ಅವನಿಗೆ ಕಳೆದುಕೊಳ್ಳುವ ಉದ್ಯೋಗವಿರಲಿಲ್ಲ. ಜಾಹೀರಾತು ಇಲ್ಲದುದರಿಂದ ಮೆಚ್ಚಿಸಬೇಕಾದ ವ್ಯಾಪಾರಿಯಿರಲಿಲ್ಲ. ಆ ಸ್ವಾತಂತ್ರ್ಯಕ್ಕೆ ಇವೇ ಕಾರಣ. ಅವರು ವಿಶೇಷ ರಸಿಕರಾಗಿದ್ದರೆಂದು ಹೇಳಬೇಕಾದುದಿಲ್ಲ. ತಟ್ಟೆ ಮುಗಿದು ಒಂದು ನಿಮಿಷ ನಿಶ್ಶಬ್ದವಾಗಿರುವುದು, ತಪ್ಪು ಹಾಡನ್ನು ಪ್ರಕಟಿಸುವುದು, ಮೂರು ಗಂಟೆಗಳ ಕಾಲ ಕೇಳಲಾರದ ಗದ್ದಲವನ್ನು ಬಿತ್ತರಿಸುವುದು, ಇವೂ ಅಲ್ಲಿ ಸಾಮಾನ್ಯವೇ.

೧೯೭೮ರಲ್ಲಿ ಈ ಲೋಕಕ್ಕೆ ಸಂಬಂಧಿಸಿದ ಎರಡು ಘಟನೆಗಳು ಒಟ್ಟಿಗೇ ನಡೆದುವು. ಬೇರೆಬೇರೆ ಕಾಲೇಜು ನಿಲಯಗಳು ಯಾವ ತಟ್ಟೆಗಳನ್ನು ಹಾಕುತ್ತಿವೆಯೆಂಬುದನ್ನು ಸಂಗ್ರಹಿಸಿ ಪ್ರಕಟಿಸುವ ‘ಸಿ.ಎಂ.ಜೆ.’ ಎಂಬ ಪತ್ರಿಕೆ ಹುಟ್ಟಿತು. ಅದರಿಂದ ಒಂದೂರಿನ ನಿಲಯಕ್ಕೆ ಇನ್ನೊಂದೂರಿನ ಸುದ್ದಿ ತಿಳಿಯುವಂತಾಯಿತು. ಅದೇ ವರ್ಷ ಕಮಿಷನ್ನು, ಸಾರ್ವಜನಿಕ ಪ್ರಸಾರ ನಿಗಮದ ಕೋರಿಕೆಯ ಮೇರೆಗೆ, ೧೦ ವ್ಯಾಟಿನ ಹೊಸ ಪರವಾನಗಿಗಳನ್ನು ಕೊಡುವುದನ್ನು ನಿಲ್ಲಿಸಿತು. ಇದ್ದ ನಿಲಯಗಳು ತಮ್ಮ ಶಕ್ತಿಯನ್ನು ೧೦೦ ವ್ಯಾಟಿಗೆ ಏರಿಸಿಕೊಳ್ಳದಿದ್ದರೆ ರಕ್ಷಣೆಯನ್ನು ಕಳೆದುಕೊಳ್ಳುತ್ತಿದ್ದುವು. ದೊಡ್ಡ ಸಾರ್ವಜನಿಕ ನಿಲಯಗಳಿಗೆ ಜಾಗಮಾಡುವುದು ಇದರ ಉದ್ದೇಶ. ಸದುದ್ದೇಶದ ಸಂಸ್ಥೆಯೊಂದು ಇನ್ನೊಂದನ್ನು ತುಳಿಯಬಹುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕಾಗಿಲ್ಲ. ಆದರೂ ಉಳಿದುಕೊಂಡ ನಿಲಯಗಳು ಮುಂದಿನ ಹತ್ತು ವರ್ಷ ಬಹಳ ದೊಡ್ಡ ಕೆಲಸವನ್ನು ಮಾಡಿದುವು. ಜಾರ್ಜಿಯದ ಏಥೆನ್ಸ್ ಎಂಬ ವಿಶ್ವವಿದ್ಯಾನಿಲಯದ ಊರಿನಿಂದ ಹೊರಟ ಆರ್.ಇ.ಎಂ. ತಂಡ ೧೯೮೧ರಲ್ಲಿ ತನ್ನ ಮೊದಲ ತಟ್ಟೆಯನ್ನು ತಂದಾಗ ಅದನ್ನು ಊರೂರಿಗೆ ಒಯ್ದುದು ಈ ನಿಲಯಗಳೇ. ಸಿಯಾಟಲಿನ ವಾಷಿಂಗ್ಟನ್ ವಿಶ್ವವಿದ್ಯಾನಿಲಯದಲ್ಲಿ ೧೯೭೨ರಲ್ಲಿ ವಿದ್ಯಾರ್ಥಿಗಳು ಆರಂಭಿಸಿದ ಕೆ.ಸಿ.ಎಂ.ಯು. ನಿಲಯದಲ್ಲಿ ಕಾರ್ಯಕ್ರಮ ನಡೆಸುತ್ತಿದ್ದ ಜೊನಾಥನ್ ಪೋನ್‌ಮನ್ ಎಂಬವನು ಮುಂದೆ ಸಬ್ ಪಾಪ್ ಎಂಬ ಸಣ್ಣ ಮುದ್ರಣ ಸಂಸ್ಥೆಯ ಸ್ಥಾಪಕರಲ್ಲೊಬ್ಬನಾದನು. ಆ ಸಂಸ್ಥೆ ೧೯೮೮ರ ನವೆಂಬರಿನಲ್ಲಿ ನಿರ್ವಾಣ ಎಂಬ, ಆಗ ಯಾರೂ ಅರಿಯದ, ತಂಡದ ಮೊದಲ ತಟ್ಟೆಯನ್ನು ೧,೦೦೦ ಪ್ರತಿಗಳಲ್ಲಿ ಹೊರತಂದಿತು.

ಇಲ್ಲಿಂದ ಹೆಸರಿನ ಚರಿತ್ರೆ ತಿರುವನ್ನು ಪಡೆಯುತ್ತದೆ. ಲಾಸ್ ಏಂಜಲೀಸ್ ಪ್ರದೇಶದ ಕೆ.ಆರ್.ಓ.ಕ್ಯೂ., ನ್ಯೂಯಾರ್ಕಿನ ಬಳಿಯ ಡಬ್ಲ್ಯು.ಎಲ್.ಐ.ಆರ್., ಬಾಸ್ಟನ್ನಿನ ಡಬ್ಲ್ಯು.ಎಫ್.ಎನ್.ಎಕ್ಸ್. ಮುಂತಾದ ಕೆಲವು ವ್ಯಾಪಾರೀ ನಿಲಯಗಳೂ ೧೯೮೦ರ ದಶಕದ ಆದಿಯಿಂದ ಈ ಸಂಗೀತವನ್ನು ಬಿತ್ತರಿಸತೊಡಗಿದ್ದುವು. ಅವು ಲಾಭಗಳಿಸಿದುವು. ೧೯೮೮ರ ಸೆಪ್ಟೆಂಬರಿನಲ್ಲಿ ಬಿಲ್‌ಬೋರ್ಡ್ ಪತ್ರಿಕೆ ‘ಮಾಡರ್ನ್ ರಾಕ್’ ಎಂಬ ಹೆಸರಿನ ವಾರದ ಪಟ್ಟಿಯೊಂದನ್ನು ತೆರೆಯಿತು. ೧೯೯೧ರಲ್ಲಿ ಗ್ರ್ಯಾಮಿ ಪ್ರಶಸ್ತಿಗಳಲ್ಲಿ ಮೊಟ್ಟಮೊದಲ ಬಾರಿಗೆ ‘ಆಲ್ಟರ್ನೇಟಿವ್’ ಎಂಬ ವಿಭಾಗ ಏರ್ಪಟ್ಟಿತು. ಪ್ರಶಸ್ತಿ ಐರ್ಲೆಂಡಿನ ಗಾಯಕಿ ಶಿನೇಡ್ ಓಕಾನರಳಿಗೆ ಬಂದಿತು. ಅವಳು ಅದನ್ನು ನಿರಾಕರಿಸಿದಳು. ಒಂದು ವಿಭಾಗ ತನ್ನ ಮೊದಲ ವಿಜೇತಳಿಂದಲೇ ತಿರಸ್ಕೃತವಾದುದನ್ನು ಸಂಗೀತೋದ್ಯಮದವರು ಅಪಶಕುನವೆಂದು ಎಣಿಸಿದಂತೆ ತೋರುವುದಿಲ್ಲ. ಅದೇ ವರ್ಷ ಸೆಪ್ಟೆಂಬರಿನಲ್ಲಿ, ಈಗ ದೊಡ್ಡ ಸಂಸ್ಥೆಗೆ ಸೇರಿದ್ದ ನಿರ್ವಾಣ ತಂಡದ ‘ನೆವರ್‌ಮೈಂಡ್’ ಬಂದಿತು. ಸಂಸ್ಥೆ ಮೊದಲು ಅಂಗಡಿಗಳಿಗೆ ಕಳುಹಿಸಿದ ಪ್ರತಿಗಳು ಐವತ್ತು ಸಾವಿರವನ್ನೂ ಮುಟ್ಟಿರಲಿಲ್ಲ. ೧೯೯೨ರ ಜನವರಿಯಲ್ಲಿ ಅದು ಮೈಕೆಲ್ ಜ್ಯಾಕ್ಸನ್ನನ ಸಂಪುಟವನ್ನು ಕೆಳಗಿಳಿಸಿ ಅಮೆರಿಕದ ಪಟ್ಟಿಯ ಮೊದಲ ಸ್ಥಾನವನ್ನೇರಿತು.

ತರುವಾಯ ದೇಶದ ಉದ್ದಗಲಕ್ಕೂ ಹತ್ತಾರು ವ್ಯಾಪಾರೀ ನಿಲಯಗಳು ತಮ್ಮನ್ನು ‘ಆಲ್ಟರ್ನೇಟಿವ್’ ಎಂದು ಕರೆದುಕೊಂಡುವು. ಡೊನಾಹ್ಯೂವಿನ ಕಾಲದಲ್ಲಿ ನಡೆದುದೇ ಮತ್ತೆ ನಡೆಯಿತು. ಆದರೆ ಈ ಸಲ ಹೆಸರೂ ಕೈಬದಲಾಯಿಸಿತು. ಮೊದಲು ಆರಿಸುವವನ ಸ್ವಾತಂತ್ರ್ಯವನ್ನು ಸೂಚಿಸುತ್ತಿದ್ದ ಪದ ಈಗ ಆರಿಸಿದ ವಸ್ತುವಿನ ರೂಪವನ್ನು ಸೂಚಿಸತೊಡಗಿತು. ಗಿಟಾರಿನ ಗಡಸು ಧ್ವನಿ, ಇಪ್ಪತ್ತರ ಆಸುಪಾಸಿನ ಗಂಡುಮಕ್ಕಳ ಕೊರಗು, ಇದು ಪರ್ಯಾಯವೆಂದಾಯಿತು. ೧೯೮೮ರಲ್ಲಿ ಬಿಲ್‌ಬೋರ್ಡಿನ ಆ ಪಟ್ಟಿ ಆರಂಭವಾದ ದಿನ ಮೊದಲ ಸ್ಥಾನದಲ್ಲಿದ್ದುದು ಹೆಂಗಸೊಬ್ಬಳು ಮುಂದಾಳಾಗಿದ್ದ ಸೂಸಿ ಅಂಡ್ ದ ಬ್ಯಾನ್‌ಶೀಸ್ ತಂಡದ ಹಾಡು. ಅದೇ ಪಟ್ಟಿಯಲ್ಲಿ ೧೯೯೬ರಲ್ಲಿ ಟ್ರೇಸಿ ಬಾನಮ್ ಮೊದಲ ಸ್ಥಾನಕ್ಕೆ ಬಂದ ಮೇಲೆ ಇನ್ನೊಬ್ಬ ಏಕಾಂಗಿ ಗಾಯಕಿ ಆ ಸ್ಥಾನಕ್ಕೆ ಬರಲು ೨೦೧೩ರವರೆಗೆ, ನ್ಯೂಜೀಲೆಂಡಿನ ಲಾರ್ಡ್ ಎಂಬ ಹುಡುಗಿಯವರೆಗೆ, ಕಾಯಬೇಕಾಯಿತು: ಹದಿನೇಳು ವರ್ಷ. ಆ ಅವಧಿಯಲ್ಲಿ ಹೆಂಗಸರು ಹಾಡುವುದನ್ನು ಬಿಟ್ಟಿದ್ದರೆಂದು ಯಾರೂ ಹೇಳಲಾರರು. ವಿದ್ಯಾರ್ಥಿಯ ಪ್ರಶ್ನೆಗೆ ನಾನು ಕೊಡಬೇಕಾಗಿದ್ದ ಉತ್ತರ ಇಲ್ಲಿದೆ. ಲಕ್ಷಗಟ್ಟಲೆ ಮಾರಾಟವಾದುದು ಪರ್ಯಾಯ ಸಂಗೀತದ ದೋಷವಲ್ಲ. ಮಾರಾಟವಾದುದರ ಅಚ್ಚಿನಲ್ಲಿಯೇ ಮುಂದಿನದನ್ನೆಲ್ಲ ಎರಕಹೊಯ್ಯಬೇಕೆಂದುದು ದೋಷ.

೧೯೯೬ರ ಫೆಬ್ರವರಿಯಲ್ಲಿ ಜಾರಿಗೆ ಬಂದ ದೂರಸಂಪರ್ಕ ಕಾನೂನು ಈ ಅಚ್ಚನ್ನು ಇನ್ನೂ ಗಟ್ಟಿಮಾಡಿತು. ಅದಕ್ಕೆ ಮುಂಚೆ ಒಬ್ಬ ಒಡೆಯ ದೇಶದಲ್ಲೆಲ್ಲ ೪೦ಕ್ಕಿಂತ ಹೆಚ್ಚು ನಿಲಯಗಳನ್ನು ಹೊಂದುವಂತಿರಲಿಲ್ಲ. ಕಾನೂನು ಆ ಮಿತಿಯನ್ನು ತೆಗೆದುಹಾಕಿತು. ಕೆಲವೇ ವರ್ಷಗಳಲ್ಲಿ ಕ್ಲಿಯರ್ ಚಾನೆಲ್ ಎಂಬ ಒಂದೇ ಸಂಸ್ಥೆಯ ಕೈಯಲ್ಲಿ ೧,೨೦೦ಕ್ಕೂ ಹೆಚ್ಚು ನಿಲಯಗಳು ಸೇರಿದುವು. ಒಂದೂರಿನಲ್ಲಿ ಮುದ್ರಿಸಿದ ಉದ್ಘೋಷಕನ ಮಾತನ್ನು ಹತ್ತೂರುಗಳಲ್ಲಿ ಆಯಾ ಊರಿನವನೇ ಎಂಬಂತೆ ಬಿತ್ತರಿಸುವುದು ಪದ್ಧತಿಯಾಯಿತು. ಸಾಲದಿಂದ ಕೊಂಡ ಸಾಮ್ರಾಜ್ಯವಾದುದರಿಂದ ಅದರ ಭಾರವೂ ಸಾಲವೇ. ಹೆಸರನ್ನು ಬದಲಾಯಿಸಿಕೊಂಡ ಅದೇ ಸಂಸ್ಥೆ ೨೦೧೮ರಲ್ಲಿ ಸುಮಾರು ೨,೦೦೦ ಕೋಟಿ ಡಾಲರ್ ಸಾಲದೊಡನೆ ದಿವಾಳಿಯ ನ್ಯಾಯಾಲಯದ ಮೊರೆಹೊಕ್ಕಿತು. ಈ ನಡುವೆ ಹಳೆಯ ಪರ್ಯಾಯ ನಿಲಯಗಳು ಒಂದೊಂದಾಗಿ ಆರಿದುವು. ವಾಷಿಂಗ್ಟನ್ ಪ್ರದೇಶದ ಡಬ್ಲ್ಯು.ಎಚ್.ಎಫ್.ಎಸ್. ೨೦೦೫ರ ಜನವರಿಯ ಒಂದು ದಿನ ಇದ್ದಕ್ಕಿದ್ದಂತೆ ಸ್ಪ್ಯಾನಿಷ್ ಭಾಷೆಯ ನಿಲಯವಾಯಿತು, ಬಾಸ್ಟನ್ನಿನ ಡಬ್ಲ್ಯು.ಎಫ್.ಎನ್.ಎಕ್ಸ್. ತನ್ನ ತರಂಗವನ್ನು ೨೦೧೨ರಲ್ಲಿ ಮಾರಿತು.

ಇದಕ್ಕಿಂತ ಹೆಚ್ಚು ಯೋಚಿಸಬೇಕಾದುದು, ನಮ್ಮಂಥ ಅಧ್ಯಾಪಕರಂ‌ತೂ, ವಿಶ್ವವಿದ್ಯಾನಿಲಯಗಳೇ ತಮ್ಮ ವಿದ್ಯಾರ್ಥಿಗಳ ನಿಲಯಗಳನ್ನು ಮಾರಿದ ವಿಚಾರ. ಹ್ಯೂಸ್ಟನ್ನಿನ ರೈಸ್ ವಿಶ್ವವಿದ್ಯಾನಿಲಯ ೫೦,೦೦೦ ವ್ಯಾಟಿನ ಕೆ.ಟಿ.ಆರ್.ಯು. ನಿಲಯವನ್ನು ೯೫ ಲಕ್ಷ ಡಾಲರಿಗೆ ಹ್ಯೂಸ್ಟನ್ ವಿಶ್ವವಿದ್ಯಾನಿಲಯಕ್ಕೆ ಕೊಟ್ಟಿತು. ೨೦೧೧ರ ಏಪ್ರಿಲಿನಲ್ಲಿ ಪ್ರಸಾರ ನಿಂತಿತು. ಅದೇ ವರ್ಷದ ಜನವರಿಯಲ್ಲಿ ಸಾನ್‌ಫ್ರಾನ್ಸಿಸ್ಕೋ ವಿಶ್ವವಿದ್ಯಾನಿಲಯದ ಕೆ.ಯು.ಎಸ್.ಎಫ್. ೩೭.೫ ಲಕ್ಷ ಡಾಲರಿನ ಮಾರಾಟದ ಒಪ್ಪಂದದಿಂದ ಒಮ್ಮೆಲೇ ಮೌನವಾಯಿತು. ಎರಡು ಕಡೆಯೂ ಆ ತರಂಗಗಳಲ್ಲಿ ಮುಂದೆ ಕೇಳಿಬಂದುದು ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ. ಇಲ್ಲಿ ಖಳನಾಯಕನನ್ನು ಹುಡುಕುವುದು ಸುಲಭವಲ್ಲ. ವ್ಯಾಪಾರೀ ಬಾನುಲಿಯಲ್ಲಿ ಎಡೆ ಕಳೆದುಕೊಳ್ಳುತ್ತಿದ್ದ ಶಾಸ್ತ್ರೀಯ ಸಂಗೀತವೂ ಆಗ ಒಂದು ಅರ್ಥದಲ್ಲಿ ಪರ್ಯಾಯವೇ ಆಗಿತ್ತು. ನಿರಾಶ್ರಿತನೊಬ್ಬನನ್ನು ಎಬ್ಬಿಸಿ ಇನ್ನೊಬ್ಬ ನಿರಾಶ್ರಿತನಿಗೆ ಚಾಪೆ ಹಾಸಿದಂತಾಯಿತು. ಹ್ಯೂಸ್ಟನ್ನಿನಲ್ಲಿ ಅದೂ ಉಳಿಯಲಿಲ್ಲ. ೨೦೧೬ರಲ್ಲಿ ಆ ತರಂಗ ಮತ್ತೆ ಮಾರಾಟವಾಗಿ ಕ್ರೈಸ್ತ ಗೀತೆಗಳ ನಿಲಯದ ಪಾಲಾಯಿತು.

ಇಂಗ್ಲೆಂಡಿನಲ್ಲಿ ಇದೇ ಕಾಲದಲ್ಲಿ ಇದಿರು ಫಲ ದೊರೆತ ಪ್ರಸಂಗವೊಂದಿದೆ. ಬಿ.ಬಿ.ಸಿ. ೨೦೦೨ರ ಮಾರ್ಚಿನಲ್ಲಿ ‘೬ ಮ್ಯೂಸಿಕ್’ ಎಂಬ ಡಿಜಿಟಲ್ ಸೇವೆಯನ್ನು ಈ ಬಗೆಯ ಸಂಗೀತಕ್ಕೆಂದೇ ತೆರೆದಿತ್ತು. ಕೇಳುಗರು ಸುಮಾರು ಏಳು ಲಕ್ಷ ಮಾತ್ರವೆಂದು ೨೦೧೦ರ ಮಾರ್ಚಿನಲ್ಲಿ ಅದನ್ನು ಮುಚ್ಚುವ ಸಲಹೆ ಬಂದಿತು. ಕೇಳುಗರು ಪತ್ರ ಬರೆದರು, ಬಿ.ಬಿ.ಸಿ.ಯ ಕಚೇರಿಯ ಮುಂದೆ ಸೇರಿದರು. ಮುಚ್ಚುವ ಸುದ್ದಿಯೇ ಪ್ರಚಾರವಾಗಿ ಕೇಳುಗರ ಸಂಖ್ಯೆ ಹತ್ತು ಲಕ್ಷವನ್ನು ದಾಟಿತು. ಜುಲೈಯಲ್ಲಿ ಬಿ.ಬಿ.ಸಿ.ಯ ವಿಶ್ವಸ್ತ ಮಂಡಲಿ ಸಲಹೆಯನ್ನು ತಳ್ಳಿಹಾಕಿತು. ಅನಂತರದ ವರ್ಷಗಳಲ್ಲಿ ಕೇಳುಗರು ಇಪ್ಪತ್ತು ಲಕ್ಷವನ್ನೂ ಮೀರಿದ್ದಾರೆ. ಸಾರ್ವಜನಿಕ ಸಂಸ್ಥೆಗೆ ಮನವಿಕೊಡಲು ಒಂದು ಬಾಗಿಲಿರುತ್ತದೆ. ಮಾರಾಟದ ಒಪ್ಪಂದ ಸಹಿಯಾದ ಮೇಲೆ ಅಂಥ ಬಾಗಿಲು ಇರುವುದಿಲ್ಲ. ಸಾನ್‌ಫ್ರಾನ್ಸಿಸ್ಕೋದ ವಿದ್ಯಾರ್ಥಿಗಳೂ ಪ್ರತಿಭಟಿಸಿದ್ದರು.

ಇನ್ನು ಭವಿಷ್ಯದ ವಿಚಾರ. ಅಂತರ್ಜಾಲದಲ್ಲಿ ಕೋಟ್ಯಂತರ ಹಾಡುಗಳು ಬೇಕೆಂದಾಗ ದೊರೆಯುತ್ತಿರುವಾಗ ಬಾನುಲಿಯ ಈ ಚಿಂತೆಯೇ ವ್ಯರ್ಥವೆಂದು ಹೇಳುವವರಿದ್ದಾರೆ. ಅವರ ಮಾತಿನಲ್ಲಿ ಸತ್ಯಾಂಶವಿಲ್ಲದಿಲ್ಲ. ತರಂಗಗಳು ವಿರಳವಾಗಿದ್ದುದೇ ಹಳೆಯ ಕಲಹಕ್ಕೆ ಮೂಲ. ಈಗ ಆ ವಿರಳತೆ ಇಲ್ಲ. ಹಾಡನ್ನು ಹೊರತರಲು ಬಜ್‌ಕಾಕ್ಸ್ ತಂಡದಂತೆ ಸಾಲಮಾಡಬೇಕಾಗಿಯೂ ಇಲ್ಲ. ಆದರೆ ವಿರಳತೆ ಮಾಯವಾಗಿಲ್ಲ, ಸ್ಥಳ ಬದಲಾಯಿಸಿದೆ. ಇಂದು ವಿರಳವಾಗಿರುವುದು ಕೇಳುಗನ ಹೊತ್ತು. ೨೦೦೮ರಲ್ಲಿ ಸ್ವೀಡನ್ನಿನಲ್ಲಿ ಆರಂಭವಾದ ಸ್ಪಾಟಿಫೈ ಸಂಸ್ಥೆ ೨೦೧೫ರಿಂದ ಪ್ರತಿಯೊಬ್ಬ ಚಂದಾದಾರನಿಗೂ ವಾರಕ್ಕೊಂದು ಹಾಡುಗಳ ಪಟ್ಟಿಯನ್ನು ಗಣಕಯಂತ್ರದಿಂದ ತಯಾರಿಸಿ ಕೊಡುತ್ತಿದೆ. ಇದರಲ್ಲಿ ಹೊಸ ಹಾಡುಗಳು ಸಿಕ್ಕುವುದುಂಟು, ನನಗೂ ಸಿಕ್ಕಿವೆ. ಆದರೆ ಈ ಯಂತ್ರದ ಆಧಾರ, ನಿಮ್ಮಂಥವರು ಈಗಾಗಲೇ ಏನನ್ನು ಕೇಳಿದ್ದಾರೆಂಬುದು. ಒಮಾಹದ ಪಾನಗೃಹದ ಪರಿಚಾರಿಕೆಯ ಕಾಸನ್ನು ಎಣಿಸಿದ ಬುದ್ಧಿಯೇ ಇದು. ಎಣಿಸುವ ಶಕ್ತಿ ಮಾತ್ರ ಅಪಾರವಾಗಿ ಬೆಳೆದಿದೆ. ಯಾರೂ ಕೇಳಿರದ ಹಾಡನ್ನು ಎರಡು ಸಲ ಹಾಕುವ ಪೀಲನ ಕೆಲಸಕ್ಕೆ ಇದರಲ್ಲಿ ಎಡೆ ಕಡಮೆ. ೨೦೨೪ರಿಂದ ಅದೇ ಸಂಸ್ಥೆ, ವರ್ಷಕ್ಕೆ ೧,೦೦೦ ಸಲವಾದರೂ ಕೇಳಲ್ಪಡದ ಹಾಡಿಗೆ ಹಣವನ್ನು ಕೊಡುವುದಿಲ್ಲವೆಂದು ಗೊತ್ತುಮಾಡಿದೆ. ೧೯೭೭ರ ಸಾವಿರ ತಟ್ಟೆಗಳು ಒಂದು ತಂಡಕ್ಕೆ ಆರಂಭವಾಗಿದ್ದುವು. ಇಂದು ಸಾವಿರವೆಂಬುದು ಹೊಸ್ತಿಲು.

ಹಳೆಯ ಕೆ.ಸಿ.ಎಂ.ಯು. ನಿಲಯ ಈ ಪರಿಸ್ಥಿತಿಯಲ್ಲಿ ಹಿಡಿದ ದಾರಿ ಗಮನಾರ್ಹವಾಗಿದೆ. ೨೦೦೧ರಲ್ಲಿ ಕೆ.ಇ.ಎಕ್ಸ್.ಪಿ. ಎಂಬ ಹೊಸ ಹೆಸರನ್ನು ತಳೆದ ಅದು ಮೈಕ್ರೋಸಾಫ್ಟಿನ ಸ್ಥಾಪಕರಲ್ಲೊಬ್ಬನಾದ ಪಾಲ್ ಆಲನ್ನನ ಸಹಾಯವನ್ನೂ, ಮುಂದೆ ಮುಖ್ಯವಾಗಿ ಕೇಳುಗರ ವಂತಿಗೆಯನ್ನೂ ಆಧರಿಸಿ ಬೆಳೆಯಿತು. ತಂಡಗಳನ್ನು ತನ್ನ ಮುದ್ರಣಾಲಯಕ್ಕೆ ಕರೆಯಿಸಿ ಹಾಡಿಸಿ ಅದರ ದೃಶ್ಯವನ್ನು ಅಂತರ್ಜಾಲದಲ್ಲಿ ಪ್ರಕಟಿಸುತ್ತದೆ. ಪೀಲನ ಮೈಡಾ ವೇಲ್ ಪದ್ಧತಿಯೇ ಇಲ್ಲಿ ಕಣ್ಣಿಗೂ ಕಾಣುವಂತಾಗಿದೆ. ಹಾಡನ್ನು ಆರಿಸುವವರು ಅಲ್ಲಿ ಈಗಲೂ ಉದ್ಘೋಷಕರೇ. ೨೦೨೪ರ ಮಾರ್ಚಿನಲ್ಲಿ ಅದು ಸಾನ್‌ಫ್ರಾನ್ಸಿಸ್ಕೋ ಪ್ರದೇಶದಲ್ಲಿಯೂ ಒಂದು ಎಫ್.ಎಂ. ತರಂಗವನ್ನು ಕೊಂಡು ಪ್ರಸಾರವನ್ನಾರಂಭಿಸಿತು. ಆದರೆ ಧನಿಕನ ನೆರವು ಎಲ್ಲ ನಿಲಯಗಳಿಗೂ ಒದಗಲಾರದು. ಸರ್ಕಾರದ ನೆರವೂ ಈಗ ನಿಂತಿದೆ. ೨೦೨೫ರ ಜುಲೈಯಲ್ಲಿ ಅಮೆರಿಕದ ಕಾಂಗ್ರೆಸ್ಸು ಸಾರ್ವಜನಿಕ ಪ್ರಸಾರ ನಿಗಮಕ್ಕೆ ಎರಡು ವರ್ಷಗಳಿಗೆಂದು ಗೊತ್ತುಮಾಡಿದ್ದ ಸುಮಾರು ೧೧೦ ಕೋಟಿ ಡಾಲರನ್ನು ಹಿಂತೆಗೆದುಕೊಂಡಿತು. ೧೯೭೮ರಲ್ಲಿ ಸಣ್ಣ ನಿಲಯಗಳಿಗೆ ಅಡ್ಡಿಯಾಗಿ ನಿಂತ ನಿಗಮ ಇದೇ. ಅನಂತರದ ದಶಕಗಳಲ್ಲಿ ಸಮುದಾಯದ ನಿಲಯಗಳಲ್ಲಿ ಅನೇಕಕ್ಕೆ ಆಧಾರವಾದುದೂ ಇದೇ.

೧೯೭೮ರಲ್ಲಿ ಮುಚ್ಚಿದ ಬಾಗಿಲು ಮಾತ್ರ ಬೇರೊಂದು ಹೆಸರಿನಲ್ಲಿ ಮತ್ತೆ ತೆರೆದಿದೆ. ಕಮಿಷನ್ನು ೨೦೦೦ದ ಜನವರಿಯಲ್ಲಿ ೧೦೦ ವ್ಯಾಟ್ ಮೀರದ, ವ್ಯಾಪಾರೇತರವಾದ, ಅಲ್ಪಶಕ್ತಿಯ ಎಫ್.ಎಂ. ನಿಲಯಗಳಿಗೆ ಅವಕಾಶ ಕೊಟ್ಟಿತು. ದೊಡ್ಡ ನಿಲಯಗಳ ಒತ್ತಾಯದಿಂದ ಅದೇ ವರ್ಷದ ಕೊನೆಯಲ್ಲಿ ಕಾಂಗ್ರೆಸ್ಸು ಅದನ್ನು ಬಿಗಿಗೊಳಿಸಿ, ೨೦೧೧ರ ಜನವರಿಯಲ್ಲಿ ಸಹಿಯಾದ ಕಾನೂನಿನಿಂದ ಮತ್ತೆ ಸಡಿಲಿಸಿತು. ೨೦೧೩ರಲ್ಲಿಯೂ ೨೦೨೩ರ ಡಿಸೆಂಬರಿನಲ್ಲಿಯೂ ಹೊಸ ಅರ್ಜಿಗಳನ್ನು ತೆಗೆದುಕೊಳ್ಳಲಾಯಿತು. ಹ್ಯೂಸ್ಟನ್ನಿನ ರೈಸ್ ವಿದ್ಯಾರ್ಥಿಗಳು ಪರವಾನಗಿ ಪಡೆದವರಲ್ಲಿ ಸೇರಿದ್ದಾರೆ. ೨೦೧೫ರಿಂದ ಅವರ ಕೆ.ಟಿ.ಆರ್.ಯು. ನಿಲಯ ೯೬.೧ ಮೆಗಾಹರ್ಟ್ಸ್‌ನಲ್ಲಿ ಮತ್ತೆ ಎಫ್.ಎಂ.ಗೆ ಮರಳಿದೆ. ಹಿಂದೆ ಐವತ್ತು ಸಾವಿರ ವ್ಯಾಟಿನಿಂದ ಮಹಾನಗರವನ್ನೆಲ್ಲ ಮುಟ್ಟುತ್ತಿದ್ದ ಅದರ ಧ್ವನಿ, ಈಗ ಅಂತರ್ಜಾಲದ ಕೇಳುಗರನ್ನು ಬಿಟ್ಟರೆ, ವಿಶ್ವವಿದ್ಯಾನಿಲಯದ ಸುತ್ತಣ ಕೆಲವು ಮೈಲಿಗಳಿಗೆ ಕೇಳಿಸುತ್ತದೆ.